ಏಳೆಂಟಲೆ ಐವತ್ತಾರು

ಕಳೆದ ದೀಪಾವಳಿಯ ರಜೆಯಲ್ಲಿ ಜಾಲಹಳ್ಳಿಗೆ ಹೋಗಿದ್ದೆ. ಬೆಂಗಳೂರಿನ ಮಿತ್ರರಿಗೆ ಈ ಹೆಸರು ಹೇಳಿದಾಗಲೆಲ್ಲ ಅವರು ತಮ್ಮ ನಗರದ ಬಡಾವಣೆಯನ್ನು ನೆನೆದು ತಲೆಯಾಡಿಸುತ್ತಾರೆ. ನಾನು ಹೇಳುವುದು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯನ್ನು. ಹತ್ತಿ, ತೊಗರಿ, ಜೋಳಗಳ ಕಪ್ಪು ನೆಲದ ಸೀಮೆ ಅದು. ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೆ ಅಲ್ಲಲ್ಲಿ ಭತ್ತದ ಹಸುರೂ ಕಣ್ಣಿಗೆ ಬೀಳುತ್ತದೆ.

ಹೊತ್ತು ಮುಳುಗುತ್ತಿತ್ತು. ಒಳಗೆ ನನ್ನ ತಾಯಿಯವರು ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯಲ್ಲಿ ತಮ್ಮನ ಮಗಳು, ಎಂಟು ವರ್ಷದ ಹುಡುಗಿ, ಪುಸ್ತಕ ತೆರೆದಿಟ್ಟುಕೊಂಡು ಮೈ ತೂಗುತ್ತ ಹೇಳುತ್ತಿದ್ದಳು: "ಸೆವೆನ್ ಒನ್ಸ್ ಆರ್ ಸೆವೆನ್, ಸೆವೆನ್ ಟೂಸ್ ಆರ್ ಫೋರ್ಟೀನ್..." ಓಟ ಚೆನ್ನಾಗಿಯೇ ಸಾಗಿತ್ತು. "ಸೆವೆನ್ ಏಟ್ಸ್ ಆರ್" ಎಂಬಲ್ಲಿಗೆ ಬಂದು ಬಂಡಿ ನಿಂತುಬಿಟ್ಟಿತು. ಮೂರು ಸಲ ಮೊದಲಿನಿಂದ ಹೊರಟರೂ ಅಲ್ಲಿಯೇ ನಿಲುಗಡೆ.

"ಯಾಕವ್ವಾ, ಎಲ್ಲಿ ನಿಂತಿ?" ಎಂದು ಒಳಗಿನಿಂದ ತಾಯಿಯವರು ಕೇಳಿದರು.

"ಸೆವೆನ್ ಏಟ್ಸ್, ಆಯಿ."

ಅವರಿಗೆ ಅದು ತಿಳಿಯಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಆಗ ಅವರು ರೊಟ್ಟಿ ಬಡಿಯುವ ಲಯವನ್ನು ತಪ್ಪಿಸದೆಯೇ ಆರಂಭಿಸಿದರು: "ಏಳೊಂದ್ಲೆ ಏಳು, ಆರೊಂದ್ಲೆ ಆರು, ಏಳೆರಡ್ಲೆ ಹದಿನಾಕು, ಆರೆರಡ್ಲೆ ಹನ್ನೆರಡು..." ಹೀಗೆ ಏಳರ ಒಂದು ಮೆಟ್ಟಿಲು, ಆರರ ಒಂದು ಮೆಟ್ಟಿಲು ಏರುತ್ತ ಹೋಗಿ, "ಏಳೆಂಟ್ಲೆ ಐವತ್ತಾರು, ಆರೆಂಟ್ಲೆ ನಲವತ್ತೆಂಟು. ಐವತ್ತಾರು ನೋಡವ್ವಾ," ಎಂದರು.

ಹುಡುಗಿ ನನ್ನ ಮುಖ ನೋಡಿದಳು. "ದೊಡ್ಡಪ್ಪಾ, ಐವತ್ತಾರು ಅಂದ್ರ ಎಷ್ಟು?"

ನಾನು ಕನ್ನಡ ಅಧ್ಯಾಪಕ. ಇಪ್ಪತ್ತು ವರ್ಷಗಳಿಂದ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡು ಬಂದವನು. ಆ ಪ್ರಶ್ನೆಗೆ ಒಂದು ಇಂಗ್ಲಿಷ್ ಶಬ್ದ ಉತ್ತರವಾಗಿ ನಾಲಗೆಯ ತುದಿಗೆ ಬಂದಿತ್ತು. ಹೇಳಲು ಮನಸ್ಸಾಗಲಿಲ್ಲ. ಅಜ್ಜಿ ಮೊಮ್ಮಗಳಿಬ್ಬರಿಗೂ ಗೊತ್ತಿರುವುದು ಒಂದೇ ಮಗ್ಗಿ. ನಡುವೆ ಒಂದು ಬಾಗಿಲ ಅಂತರ. ಆದರೂ ಒಬ್ಬರದು ಇನ್ನೊಬ್ಬರಿಗೆ ಒದಗದು. ಈ ಲೇಖನ ಹುಟ್ಟಿದ್ದು ಆ ಗಳಿಗೆಯಲ್ಲಿ.

ಕನ್ನಡದಲ್ಲಿ ಮಗ್ಗಿಯನ್ನು ನಾವು ಓದುವುದಿಲ್ಲ, ಹೇಳುತ್ತೇವೆ; ಗುರುಗಳ ಮುಂದಾದರೆ ಒಪ್ಪಿಸುತ್ತೇವೆ. ‘ಒಪ್ಪಿಸು’ ಎಂಬುದು ಲೆಕ್ಕಕ್ಕೂ ಸಲ್ಲುವ ಮಾತು, ಪಾಠಕ್ಕೂ ಸಲ್ಲುವ ಮಾತು. ಗುಮಾಸ್ತ ಧಣಿಗೆ ಲೆಕ್ಕ ಒಪ್ಪಿಸುತ್ತಾನೆ, ಹುಡುಗ ಗುರುವಿಗೆ ಮಗ್ಗಿ ಒಪ್ಪಿಸುತ್ತಾನೆ. ಎರಡರಲ್ಲಿಯೂ ಒಂದು ಭಯ ಉಂಟು. ನಾನು ಪ್ರಾಥಮಿಕ ಶಾಲೆಯಲ್ಲಿದ್ದುದು ಕಳೆದ ಶತಮಾನದ ಎಂಬತ್ತರ ದಶಕದ ಕೊನೆಗೆ. ಸಂಜೆ ಗಂಟೆ ಬಾರಿಸುವ ಮುನ್ನ ಇಡೀ ಶಾಲೆ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿತ್ತು. ಒಬ್ಬ ಮುಂದೆ ನಿಂತು "ಎರಡೊಂದ್ಲೆ" ಎನ್ನುವನು. ಉಳಿದವರೆಲ್ಲ "ಎರಡು" ಎಂದು ಎತ್ತಿಕೊಳ್ಳುವರು. ಮನೆಗೆ ಓಡುವ ಆತುರದಲ್ಲಿ ವೇಗ ಏರುತ್ತ ಹೋಗಿ, ಹತ್ತೊಂಬತ್ತರ ಮಗ್ಗಿಗೆ ಬರುವ ಹೊತ್ತಿಗೆ ಮುಂದಿನ ನಾಲ್ಕು ಜನ ಬುದ್ಧಿವಂತರ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಉಳಿದವರು ರಾಗವನ್ನಷ್ಟೇ ಎಳೆಯುತ್ತಿದ್ದೆವು. ನಾನು ರಾಗದ ಗುಂಪಿನವನು. ಆದರೂ ಆ ರಾಗ ಒಳಗೆ ಉಳಿಯಿತು, ಅಂಕಿಗಳು ತಡವಾಗಿ ಬಂದು ಅದರಲ್ಲಿ ಕೂತವು.

ಮಗ್ಗಿಯ ‘ಲೆ’ ಎಂಬುದು ಏನೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ನಮ್ಮ ಸೀಮೆಯ ಮಾತಿನಲ್ಲಿ ‘ಕೈಲೆ ಮಾಡಿದ’, ‘ಬಡಗೀಲೆ ಹೊಡೆದ’ ಎನ್ನುತ್ತೇವೆ; ಗ್ರಂಥಭಾಷೆಯಲ್ಲಿ ‘ಇಂದ’ ಮಾಡುವ ಕೆಲಸವನ್ನು ಇಲ್ಲಿ ಈ ‘ಲೆ’ ಮಾಡುತ್ತದೆ. ಮಗ್ಗಿಯ ‘ಲೆ’ಯೂ ಇದೇ ಎಂದು ನನ್ನ ಅಭಿಪ್ರಾಯ. ಏಳನ್ನು ಎಂಟರಿಂದ ಗುಣಿಸಿದರೆ ಐವತ್ತಾರು ಎಂಬ ಉದ್ದನೆಯ ವಾಕ್ಯವನ್ನು ‘ಏಳೆಂಟಲೆ ಐವತ್ತಾರು’ ಎಂದು ಎರಡು ಪದಗಳಿಗೆ ಇಳಿಸಿರುವುದು ಸಾಮಾನ್ಯ ಸಾಮರ್ಥ್ಯವೇನಲ್ಲ. ಸೂತ್ರಕಾರರು ಮಾಡಬೇಕಾದ ಕೆಲಸವನ್ನು ಬಾಲಕರ ಬಾಯಿ ತಾನಾಗಿ ಮಾಡಿಕೊಂಡಿದೆ.

ನನ್ನ ತಾಯಿಯವರು ಏಳಕ್ಕೆ ಆರನ್ನು ಜೋಡಿಸಿ ಹೇಳಿದರಲ್ಲ, ಆ ಸಂಗತಿಗೆ ಈಗ ಬರುತ್ತೇನೆ. ಚಿಕ್ಕಂದಿನಲ್ಲಿ ಅದನ್ನು ಕೇಳಿ ನಾನು ನಕ್ಕದ್ದುಂಟು. ಅವರಿಗೆ ಏಳರ ಮಗ್ಗಿಯೊಂದನ್ನೇ ಬಿಡಿಯಾಗಿ ಹೇಳಲು ಬಾರದು; ಆರು ಹಿಂದೆಯೇ ಬರಬೇಕು. ಅದು ಅವರ ತಂದೆಯಿಂದ, ಎಂದರೆ ನಮ್ಮ ಮುತ್ಯಾನಿಂದ, ಬಂದದ್ದು. ಮುತ್ಯಾ ರಾಯಚೂರಿನ ಹತ್ತಿಯ ಪೇಟೆಯಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದವರು.

1948ರ ಸೆಪ್ಟೆಂಬರಿನವರೆಗೆ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ತನ್ನದೇ ನಾಣ್ಯ. ಜನ ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಬ್ರಿಟಿಷ್ ರೂಪಾಯಿಗೆ ಕಲ್ದಾರ ಎಂದು ಹೆಸರು. ತುಂಗಭದ್ರೆಯ ಈಚೆ ದಂಡೆ ಹಾಲಿ, ಆಚೆ ದಂಡೆ ಕಲ್ದಾರ. ರಾಯಚೂರಿನ ಪೇಟೆಗೆ ಹಾಲಿ, ಆದವಾನಿಯ ಪೇಟೆಗೆ ಕಲ್ದಾರ. 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ದರ. ಕೇಳುವುದಕ್ಕೆ ಭಯಂಕರವಾದ ಈ ಅಂಕಿಯ ತಿರುಳು ಬಹಳ ಸರಳ: ಏಳು ಹಾಲಿಗೆ ಆರು ಕಲ್ದಾರ. 56 ಹಾಲಿಯನ್ನು ಕಲ್ದಾರಕ್ಕೆ ತಿರುಗಿಸಬೇಕಾದರೆ ಕಾಗದ ಬೇಡ, ಲೇಖನಿ ಬೇಡ. ಏಳೆಂಟಲೆ ಐವತ್ತಾರು, ಆರೆಂಟಲೆ ನಲವತ್ತೆಂಟು. ಉತ್ತರ 48. ನದಿಯ ಎರಡು ದಂಡೆಗಳ ನಡುವೆ ಕಟ್ಟಿದ ಸೇತುವೆಯಂತೆ ಮುತ್ಯಾ ಆ ಎರಡು ಮಗ್ಗಿಗಳನ್ನು ಒಂದಕ್ಕೊಂದು ಹೊಸೆದಿದ್ದರು. ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೊರಬಿತ್ತು. ಮುತ್ಯಾ ತೀರಿಕೊಂಡು ಮೂವತ್ತು ವರ್ಷಗಳಾದವು. ಸೇತುವೆ ಮಾತ್ರ ಒಬ್ಬ ಮುದುಕಿಯ ಬಾಯಲ್ಲಿ ನಿಂತಿದೆ. ದಾಟಿಸಲು ಇನ್ನು ಯಾವ ಹಣವೂ ಇಲ್ಲ.

ಮುತ್ಯಾ ಕಲಿತದ್ದು ಎರಡು ಕಡೆ. ಹಗಲು ಸರಕಾರಿ ಶಾಲೆಯಲ್ಲಿ ಉರ್ದು. ಸಂಜೆ ಐಗಳ ಮಠದಲ್ಲಿ ಕನ್ನಡ. ಸಾಲಿಮಠ ಎಂಬ ಮನೆತನದ ಹೆಸರು ಉತ್ತರದ ಜಿಲ್ಲೆಗಳಲ್ಲೆಲ್ಲ ಇಂದಿಗೂ ಕೇಳಿಬರುತ್ತದೆ. ಆ ಮಠದ ಸಾಲಿಗಳ ನೆನಪು ಅದರಲ್ಲಿ ಉಳಿದಿದೆ. ಅಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಬಾಯಿಯಿಂದ ಹೇಳುವುದು. ಹಗಲಿನ ಶಾಲೆಯಲ್ಲಿ "ಸಾತ್ ಅಠ್ಠೇ ಛಪ್ಪನ್", ಸಂಜೆಯ ಮಠದಲ್ಲಿ "ಏಳೆಂಟ್ಲೆ ಐವತ್ತಾರು". ಈ ಎರಡನ್ನೂ ಬಲ್ಲವರಾಗಿದ್ದುದರಿಂದ ಮುತ್ಯಾ ಒಂದು ಮಾತು ಹೇಳುತ್ತಿದ್ದರು, ಅದರ ತಥ್ಯ ನನಗೆ ಭಾಷಾಶಾಸ್ತ್ರ ಓದಿದ ಮೇಲೆ ತಿಳಿಯಿತು: ಉರ್ದು ಮಗ್ಗಿಗಿಂತ ಮೊದಲು ಉರ್ದು ಎಣಿಕೆ ಕಲಿಯಬೇಕು, ಕನ್ನಡಕ್ಕೆ ಆ ತೊಂದರೆ ಇಲ್ಲ. ಐವತ್ತು, ಅದರ ಮೇಲೆ ಆರು, ಐವತ್ತಾರು. ಇಪ್ಪತ್ತರಿಂದಾಚೆಗೆ ನಮ್ಮ ಸಂಖ್ಯಾವಾಚಕಗಳು ತಮ್ಮ ಒಡಲನ್ನು ತಾವೇ ತೆರೆದು ತೋರಿಸುತ್ತವೆ. ಹಿಂದೂಸ್ಥಾನಿಯಲ್ಲಿ ಹಾಗಲ್ಲ, ನಲವತ್ತೊಂಬತ್ತು ಉನ್ಚಾಸ್, ಐವತ್ತೊಂಬತ್ತು ಉನ್ಸಠ್, ಅರವತ್ತೊಂಬತ್ತು ಉನ್ಹತ್ತರ್, ಆ ಲೆಕ್ಕಾಚಾರ ಹಿಡಿಯಿತು ಎನ್ನುವಷ್ಟರಲ್ಲಿ ಎಂಬತ್ತೊಂಬತ್ತು ನವಾಸಿ ಎಂದು ದಾರಿ ಬಿಡುತ್ತದೆ. ನೂರರವರೆಗೆ ಒಂದೊಂದನ್ನೂ ಬೇರೆಬೇರೆಯಾಗಿ ನೆನಪಿಡಬೇಕು. ಮನೆಮಾತಿನಿಂದಲೇ ಅದು ಬಂದವರಿಗೆ ಕಷ್ಟವಿಲ್ಲ; ಜಾಲಹಳ್ಳಿಯ ಒಕ್ಕಲುಮಗನಿಗೆ ಕಷ್ಟ. ಇಂಗ್ಲಿಷಿನ ಸಂಖ್ಯೆಗಳು ಅಷ್ಟು ಕಠಿಣವಲ್ಲ, ಆದರೂ ಇಲೆವೆನ್, ಟ್ವೆಲ್ವ್ ಎಂಬಲ್ಲಿ ಹತ್ತು ಎಲ್ಲಿ ಅಡಗಿದೆಯೆಂದು ಮಗುವಿಗೆ ಕಾಣದು. ನಮ್ಮ ‘ಹನ್ನೊಂದು’ ಅದನ್ನು ಅರ್ಧದಷ್ಟಾದರೂ ತೋರಿಸುತ್ತದೆ.

ಮುತ್ಯಾರ ಭಂಡಾರದಲ್ಲಿ ಇನ್ನೂ ದೊಡ್ಡ ಸಂಪತ್ತೆಂದರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು. ಅವುಗಳ ಮೇಲೆ ಸವ್ವಾ, ದೀಡ, ಅಡೀಚ, ಎಂದರೆ ಒಂದೂಕಾಲು, ಒಂದೂವರೆ, ಎರಡೂವರೆಯವು. ಇಂದಿನ ವಿದ್ಯಾರ್ಥಿಗೆ ಇದು ಹಳೆಯ ಗುರುಗಳು ಮಕ್ಕಳನ್ನು ಪೀಡಿಸಲು ಕಂಡುಹಿಡಿದ ಉಪಾಯದಂತೆ ತೋರಬಹುದು. ಆ ಕಾಲದ ಲೋಕ ಹದಿನಾರರ ಮೇಲೆ ನಿಂತಿತ್ತು ಎಂಬುದನ್ನು ನೆನೆದರೆ ವಿಷಯ ತಿಳಿಯುತ್ತದೆ. ರೂಪಾಯಿಗೆ 16 ಆಣೆ, ಸೇರಿಗೆ 16 ಛಟಾಕು, ಗಜಕ್ಕೆ 16 ಗಿರ, ಹೊಲದ ಗುಂಟೆಗೂ 16 ಆಣೆ. ಹೀಗಾಗಿ ಬಟ್ಟೆ ಗಜಕ್ಕೆ ಎಷ್ಟು ರೂಪಾಯಿಯೋ ಗಿರಕ್ಕೆ ಅಷ್ಟೇ ಆಣೆ. ಬೆಣ್ಣೆ ಸೇರಿಗೆ ಎಷ್ಟು ರೂಪಾಯಿಯೋ ಛಟಾಕಿಗೆ ಅಷ್ಟೇ ಆಣೆ. ಲೆಕ್ಕ ಮಾಡುವ ಮೊದಲೇ ಲೆಕ್ಕ ಮುಗಿದಿರುತ್ತಿತ್ತು. ಇನ್ನು ಪಕ್ಕಾ ಮಣಕ್ಕೆ 40 ಸೇರು. ಮಣಕ್ಕೆ ಎರಡೂವರೆ ರೂಪಾಯಿಯಾದರೆ ಆಣೆಯಲ್ಲಿ 40. ಆಗ ಸೇರಿಗೆ ಸರಿಯಾಗಿ ಒಂದಾಣೆ. ಆದುದರಿಂದ ಎರಡೂವರೆಯ ಮಗ್ಗಿ ಬಂದವನಿಗೆ ಧಾನ್ಯದ ಪೇಟೆಯೇ ವಶವಾದಂತೆ. ಮಣಕ್ಕೆ ಹದಿನೇಳೂವರೆ ರೂಪಾಯಿ ಎಂದು ದಲಾಲ ಕೂಗಿದನೆನ್ನಿ. ಎರಡೂವರೆ ಏಳಲೆ ಹದಿನೇಳೂವರೆ, ಸೇರಿಗೆ ಏಳಾಣೆ. ಕೂಗಿನ ದನಿ ಅಡಗುವ ಮೊದಲೇ ಗಿರಾಕಿಯ ಮನಸ್ಸಿನಲ್ಲಿ ಉತ್ತರ ಸಿದ್ಧ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು, ಮರುವರ್ಷ ಕಿಲೋಗ್ರಾಮು ಬರಲಾರಂಭಿಸಿತು. ಹದಿನಾರರ ಲೋಕ ಕುಸಿದು ನೂರರ ಲೋಕ ಎದ್ದಿತು. ಅದು ಒಳ್ಳೆಯದೇ ಆಯಿತೆಂದು ನನ್ನ ಮತ. ಊರಿಗೊಂದು ಮಣ, ಪೇಟೆಗೊಂದು ಸೇರು ಇದ್ದ ಅವ್ಯವಸ್ಥೆಯಲ್ಲಿ ಮೋಸಹೋದವನು ಯಾವಾಗಲೂ ರೈತನೇ. ಮುತ್ಯಾ ಮಾತ್ರ ಒಪ್ಪಲಿಲ್ಲ. ನಯಾಪೈಸೆ ಬಂದು ಐದಾರು ವರ್ಷ ಕಳೆದ ಮೇಲೂ ಸಂಜೆ ಗಂಡುಮಕ್ಕಳಿಬ್ಬರನ್ನು ಕಂದೀಲಿನ ಮುಂದೆ ಕೂಡಿಸಿ ಸವ್ವಾ, ದೀಡ, ಅಡೀಚಗಳನ್ನೂ, ಏಳಾರರ ಜೋಡಿಯನ್ನೂ ಹೇಳಿಸುತ್ತಿದ್ದರಂತೆ.

ಗಂಡುಮಕ್ಕಳನ್ನು ಎಂದೆ. ನನ್ನ ತಾಯಿಯವರು ಶಾಲೆಯ ಮುಖ ಕಂಡವರಲ್ಲ. ಕಂದೀಲಿನ ಬೆಳಕಿನಾಚೆ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಕೇಳಿಸಿಕೊಂಡದ್ದಷ್ಟೇ ಅವರ ವಿದ್ಯಾಭ್ಯಾಸ. ಸೋದರಮಾವಂದಿರಿಬ್ಬರೂ ಅದನ್ನೆಲ್ಲ ಮರೆತರು. ಮರೆಯದೆ ಉಳಿಸಿಕೊಂಡವರು ಕಲಿಸದೆ ಬಿಟ್ಟ ಮಗಳು. ಈ ಮಾತನ್ನು ಅವರು ನನ್ನೆದುರು ಎಂದೂ ದೂರಾಗಿ ಆಡಿಲ್ಲ.

ಮಗ್ಗಿಯ ಹೊಗಳಿಕೆಗೆ ಇಳಿದಾಗ ಆ ಸಮೂಹಗಾನದಲ್ಲಿ ಯಾರ ದನಿ ಇರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಐಗಳ ಮಠದ ಜಗುಲಿಯನ್ನು ಏರಲು ಅಪ್ಪಣೆಯಿಲ್ಲದ ಕೇರಿಗಳಿದ್ದವು. ಏರಿದವರಿಗಾದರೂ ಸುಖವಿತ್ತೆ? ಮಗ್ಗಿ ತಪ್ಪಿದವನ ಮೂಗು ಹಿಡಿದು, ಸರಿ ಹೇಳಿದವನಿಂದ ಕೆನ್ನೆಗೆ ಹೊಡೆಸುವ ಪದ್ಧತಿ ನನ್ನ ಕಾಲದವರೆಗೂ ಇತ್ತು. ಹೊಡೆಯಬೇಕಾದವನು ಗೆಳೆಯನಾದರೆ ಮೆಲ್ಲಗೆ ಹೊಡೆದಾನು. ಹಾಗೆ ಹೊಡೆದವನಿಗೆ ಗುರುಗಳು ಜೋರಾಗಿ ಹೊಡೆದು ತೋರಿಸುವರು. ಹದಿನೇಳರ ಮಗ್ಗಿಗೆ ಹೆದರಿ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ ಒಬ್ಬ ಸಹಪಾಠಿ ನನಗೆ ನೆನಪಿದ್ದಾನೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದು ಸರಿಯಾದ ಕೆಲಸ, ತಡವಾದ ಕೆಲಸ. ಬಾಯಿಪಾಠವೇ ಬೇಡವೆಂದು ಈಚೆಗೆ ಕೆಲವರು ವಾದಿಸುವಾಗ ಆ ಕೆನ್ನೆಯ ಉರಿ ಅವರ ವಾದದಲ್ಲಿದೆಯೆಂದು ನಾನು ಬಲ್ಲೆ. ಆದರೆ ಬೆತ್ತವನ್ನು ಬಿಡುವುದು ಬೇರೆ, ರಾಗವನ್ನು ಬಿಡುವುದು ಬೇರೆ.

ಗುಣಾಕಾರವನ್ನು ದಂಡನೆಯಾಗಿಯಲ್ಲ, ಆಭರಣವಾಗಿ ಕಂಡವನೊಬ್ಬ ನಮ್ಮ ನೆರೆಯಲ್ಲಿಯೇ ಇದ್ದ. ರಾಯಚೂರಿನಿಂದ ಬಹುದೂರವಲ್ಲದ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆದಿಯಲ್ಲಿ ಕೊಂಡಾಡಿರುವ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿದ ಕಾಲವೂ ಅದೇ, ಆಸ್ಥಾನವೂ ಅದೇ. ಮಹಾವೀರ ಪರಿಕರ್ಮಗಳಲ್ಲಿ ಮೊದಲನೆಯ ಸ್ಥಾನವನ್ನು ಗುಣಾಕಾರಕ್ಕೆ ಕೊಟ್ಟಿದ್ದಾನೆ; ಅದಕ್ಕೆ ಅವನ ಹೆಸರು ಪ್ರತ್ಯುತ್ಪನ್ನ. ಅಲ್ಲಿ ಅವನು ಕೊಡುವ ಕೆಲವು ಉದಾಹರಣೆಗಳನ್ನು ನೋಡಿ: 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಲಬ್ಧಗಳಿಗೆ ಅವನು ಕೊರಳಹಾರದ ಹೋಲಿಕೆ ಕೊಟ್ಟ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದುವನ್ನು ಕನ್ನಡದಲ್ಲಿಯೇ ಬರೆದ. ಕನ್ನಡ ಎಂ.ಎ. ತರಗತಿಯಲ್ಲಿ ಅವನ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ನಾನೂ ಹಾಗೆ ಮುಗಿಸಿದವನೇ. ಕಾವ್ಯದಂತೆ ಲೆಕ್ಕಕ್ಕೂ ಕನ್ನಡ ಬೇಕಿತ್ತು, ಇತ್ತು ಎಂಬುದನ್ನು ಸಾಹಿತ್ಯದವರು ಮರೆತರೆ ಗಣಿತದವರನ್ನು ದೂರಿ ಫಲವಿಲ್ಲ.

ಒಂದು ಘಟನೆಯನ್ನು ಹೇಳಬೇಕು. ನಾನು ಆಗ ಐದನೆಯ ತರಗತಿಯಲ್ಲಿದ್ದೆ. ಹತ್ತಿ ಬಿಡಿಸುವ ಕಾಲ. ತಾಯಿಯವರೂ ನೆರೆಮನೆಯ ಇಬ್ಬರು ಹೆಂಗಸರೂ ಒಬ್ಬ ಸಾಹುಕಾರರ ಹೊಲಕ್ಕೆ ಹತ್ತಿ ಬಿಡಿಸಲು ಹೋಗಿದ್ದರು. ರಜೆಯಾದ್ದರಿಂದ ನಾನೂ ಹಿಂದೆ ಹೋಗಿದ್ದೆ. ಸಂಜೆ ಮೂವರ ಗಂಟುಗಳನ್ನು ಕೂಡಿಸಿ ತೂಗಿದರು. ನಲವತ್ತೆರಡು ಕಿಲೋ. ಕೂಲಿ ಕಿಲೋಕ್ಕೆ ಸವ್ವಾ ರೂಪಾಯಿ. ತೂಕದವನು ಕಾಗದದ ಮೇಲೆ ಏನೋ ಗೀಚಿ ನಲವತ್ತೊಂಬತ್ತು ರೂಪಾಯಿ ಎಣಿಸಿದ. ನಾನು ಶಾಲೆಯ ಜಾಣ. ಮನಸ್ಸಿನಲ್ಲಿ ದಶಮಾಂಶ ಬಿಂದುವನ್ನು ಹಿಡಿದುಕೊಂಡು ತಡವರಿಸುತ್ತಿದ್ದೆ. ತಾಯಿಯವರು ಹಣ ಮುಟ್ಟಲಿಲ್ಲ. "ನಲವತ್ತೆರಡಕ್ಕ ನಲವತ್ತೆರಡು ರೂಪಾಯಿ ಆತು. ನಲವತ್ತೆರಡು ನಾಕಾಣೆ ಅಂದ್ರ ಹತ್ತೂವರಿ. ಐವತ್ತೆರಡೂವರಿ ಆಗ್ತದ್ರೀ ಅಣ್ಣಾ. ಮತ್ತೊಮ್ಮಿ ನೋಡ್ರಿ," ಎಂದರು. ದನಿ ಏರಿಸಲಿಲ್ಲ. ಅವನು ಮತ್ತೊಮ್ಮೆ ಗೀಚಿದ. ಮೂರೂವರೆ ರೂಪಾಯಿಯನ್ನು ಮೇಲೆ ಇಟ್ಟ. ತಪ್ಪು ಬೇಕೆಂದೇ ಆಯಿತೋ ಅವಸರದಲ್ಲಿ ಆಯಿತೋ, ಅದು ಅವನಿಗೇ ಗೊತ್ತು. ದಾರಿಯಲ್ಲಿ ನೆರೆಯವರಲ್ಲೊಬ್ಬರು, "ಇಷ್ಟು ದಿನ ಎಷ್ಟು ಹೋಗಿತ್ತೋ ಯಾರಿಗೆ ಗೊತ್ತು," ಎಂದರು. ಅವರು ಎರಡಿಪ್ಪತ್ತು, ಮೂರಿಪ್ಪತ್ತು ಎಂದು ಇಪ್ಪತ್ತರ ಲೆಕ್ಕದಲ್ಲಿ ಎಣಿಸುವವರು. ಕಾಲು ರೂಪಾಯಿ ಆ ಎಣಿಕೆಯಲ್ಲಿ ಸಿಕ್ಕುತ್ತಿರಲಿಲ್ಲ.

ಆ ನಾಕಾಣೆಯ ನಾಣ್ಯವೂ 2011ರ ಜೂನ್ 30ರಂದು ಹೋಯಿತು. ಇಂದು ಜಾಲಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಮೊಬೈಲು ಹಿಡಿದು ಹಣ ಕೊಡುತ್ತಾರೆ. ಅಂಗಡಿಯ ಹುಡುಗ ಯಂತ್ರವನ್ನು ಒತ್ತಿ ಹೇಳಿದ ಮೊತ್ತವನ್ನು ಗಿರಾಕಿ ಒತ್ತಿ ಕಳಿಸುತ್ತಾನೆ. ನಾನು ಇದರ ವಿರೋಧಿಯಲ್ಲ. ನನ್ನ ಮಗನೂ ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿದ, ಕನ್ನಡದ ಅಧ್ಯಾಪಕನ ಮಗನಾಗಿದ್ದೂ ಓದಿದ. ಆದುದರಿಂದ ಪರರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ನನ್ನ ಸಹೋದ್ಯೋಗಿಗಳಲ್ಲಿ ಇಂಗ್ಲಿಷನ್ನು ನೀರು ಕುಡಿದಂತೆ ಮಾತನಾಡುವವರಿದ್ದಾರೆ, ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಪರೀಕ್ಷೆಯ ಅಂಕಗಳನ್ನು ಕೂಡಿಸುವಾಗ ಅವರ ತುಟಿಗಳನ್ನು ನೋಡಬೇಕು. ಒಬ್ಬೊಬ್ಬರೂ ತಾವು ಎಳವೆಯಲ್ಲಿ ಮಗ್ಗಿ ಕಲಿತ ಭಾಷೆಗೆ ಸದ್ದಿಲ್ಲದೆ ಹಿಂತಿರುಗುತ್ತಾರೆ. ಕನಸಿನ ಭಾಷೆ ಬದಲಾಗಬಹುದು, ಲೆಕ್ಕದ ಭಾಷೆ ಬದಲಾಗುವುದು ಕಷ್ಟ. ಹಾಗಾದರೆ ಇಂದಿನ ಮಕ್ಕಳು ನಾಳೆ ಕಥೆಯನ್ನು ಕನ್ನಡದಲ್ಲಿ ಓದಿಯಾರು, ಹಾಡನ್ನು ಕನ್ನಡದಲ್ಲಿ ಹಾಡಿಯಾರು. ಸಂತೆಯಲ್ಲಿ ಕಾಯಿಪಲ್ಯದ ಮುದುಕಿ ಮೂವತ್ತೈದು ಎಂದರೆ ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟಾರು.

ಆ ಸಂಜೆ ಹುಡುಗಿಯ ಪ್ರಶ್ನೆಗೆ ನಾನು ಉತ್ತರಿಸದೆ ನಿಂತಿದ್ದೆನಷ್ಟೆ. ತಾಯಿಯವರು ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದರು. ಮೊಮ್ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಗಳ ಬೆರಳುಗಳನ್ನು ಅಗಲಿಸಿ ಹಿಡಿದರು.

"ಇದು ಹತ್ತು. ಇಂಥವು ಐದು. ಐದು ಹತ್ತು ಐವತ್ತು. ಮ್ಯಾಲ ಆರು. ಐವತ್ತು, ಆರು. ಐವತ್ತಾರು."

ಹುಡುಗಿ ಕ್ಷಣಕಾಲ ತುಟಿ ಕಚ್ಚಿಕೊಂಡು ಯೋಚಿಸಿದಳು. ಪೆನ್ಸಿಲು ತೆಗೆದುಕೊಂಡು 5 ಬರೆದಳು, ಪಕ್ಕದಲ್ಲಿ 6 ಬರೆದಳು. "ಫಿಫ್ಟಿಸಿಕ್ಸ್!" ಎಂದು ಕೂಗಿದಳು.

"ಹೂಂ, ಅದೇ," ಎಂದರು ತಾಯಿಯವರು, ಆ ಶಬ್ದ ತಮಗೆ ಮೊದಲಿನಿಂದಲೂ ಗೊತ್ತಿದ್ದಂತೆ. "ಆರೆಂಟ್ಲೆ ನಲವತ್ತೆಂಟು."

"ಅದ್ಯಾಕ ಆಯಿ ನಡುವ ಆರು?"

"ನಮ್ಮಪ್ಪ ಹಂಗ ಹೇಳ್ತಿದ್ದ," ಎಂದು ಎದ್ದು, ಹೊತ್ತಿಹೋಗುತ್ತಿದ್ದ ರೊಟ್ಟಿಯ ಕಡೆಗೆ ಧಾವಿಸಿದರು. ಒಳಗಿನಿಂದ ಮತ್ತೆ ಬಡಿತದ ಸದ್ದು ಬಂತು, ಅದರ ಮೇಲೆ "ಏಳೊಂಬತ್ಲೆ..."